ಸ್ಟಾರ್‌ಟಾಕ್: ಬಳ್ಳಾರಿಯಲ್ಲಿ ಕೂತು ವರ್ಷಗಟ್ಟಲೆ ನೋಡಿದ ಮೇಲೆ

ನೀಲ್ ಡಿಗ್ರಾಸ್ ಟೈಸನ್ ನಡೆಸಿಕೊಡುವ ‘ಸ್ಟಾರ್‌ಟಾಕ್’ ಕಾರ್ಯಕ್ರಮವನ್ನು ನಾನು ಬಹಳ ವರ್ಷಗಳಿಂದ ಯೂಟ್ಯೂಬ್‌ನಲ್ಲಿ ನೋಡುತ್ತಾ ಬಂದಿದ್ದೇನೆ. ಬಳ್ಳಾರಿ ಹತ್ತಿರದ ಹೈಸ್ಕೂಲೊಂದರಲ್ಲಿ ವಿಜ್ಞಾನ ಕಲಿಸುವುದು ನನ್ನ ಕೆಲಸ. ಹಾಗಾಗಿ ಅರ್ಧ ನನಗೋಸ್ಕರ ನೋಡುತ್ತೇನೆ, ಅರ್ಧ ಮಕ್ಕಳಿಗೋಸ್ಕರ. ನಮ್ಮ ಕಡೆ ಕೂತು ನೋಡುವವರಿಗೆ ಇದರಲ್ಲಿ ಎಷ್ಟು ದಕ್ಕುತ್ತದೆ ಅಂತ ಸಹೋದ್ಯೋಗಿಗಳು ಕೇಳುತ್ತಿರುತ್ತಾರೆ. ಅವರಿಗಾಗಿಯೇ ಇದನ್ನು ಬರೆಯುತ್ತಿದ್ದೇನೆ.

ಗೊತ್ತಿಲ್ಲದವರಿಗೆ ಸ್ವಲ್ಪ ಹಿನ್ನೆಲೆ. 2009ರಲ್ಲಿ ರೇಡಿಯೊ ಕಾರ್ಯಕ್ರಮವಾಗಿ ಶುರುವಾದ ಇದು 2015ರ ಏಪ್ರಿಲ್‌ನಲ್ಲಿ ನ್ಯಾಷನಲ್ ಜಿಯೊಗ್ರಾಫಿಕ್ ಚಾನೆಲ್‌ನಲ್ಲಿ ಟಿವಿಗೆ ಬಂತು. ರಾತ್ರಿ ಹೊತ್ತು ಸಿನಿಮಾದವರನ್ನು ಕೂರಿಸಿ ಹರಟುವ ಟಾಕ್ ಶೋ ಅಮೆರಿಕದಲ್ಲಿ ಹಳೆಯದು. ಆ ಚೌಕಟ್ಟನ್ನೇ ವಿಜ್ಞಾನಕ್ಕೆ ತಂದರು. ಟೈಸನ್ ಖಭೌತ ವಿಜ್ಞಾನಿ, 1996ರಿಂದ ನ್ಯೂಯಾರ್ಕಿನ ಹೇಡನ್ ತಾರಾಲಯದ ನಿರ್ದೇಶಕರು. ಟಿವಿ ಕಂತುಗಳಲ್ಲಿ ನಟ ಜಾರ್ಜ್ ಟಾಕೆ, ನಿರ್ದೇಶಕ ಕ್ರಿಸ್ಟೋಫರ್ ನೋಲನ್ ಅಂಥವರ ಸಂದರ್ಶನದ ತುಣುಕುಗಳನ್ನು ತೋರಿಸಿ, ನಡುನಡುವೆ ಅದರ ಹಿಂದಿನ ವಿಜ್ಞಾನವನ್ನು ಚರ್ಚಿಸುತ್ತಿದ್ದರು. ಈಗ ಯೂಟ್ಯೂಬ್‌ನಲ್ಲಿ ಬರುವ ಕಂತುಗಳಲ್ಲಿ ತಾರೆಯರು ಕಡಿಮೆ, ವಿಜ್ಞಾನಿಗಳು ಹೆಚ್ಚು. ನನಗೆ ಇದೇ ಹೆಚ್ಚು ಇಷ್ಟ.

ಕಾರ್ಯಕ್ರಮದ ಜೀವ ಇರುವುದು ಟೈಸನ್ ಪಕ್ಕದ ಕುರ್ಚಿಯಲ್ಲಿ. ಅಲ್ಲಿ ಸಾಮಾನ್ಯವಾಗಿ ಒಬ್ಬ ಹಾಸ್ಯ ಕಲಾವಿದ ಇರುತ್ತಾನೆ, ಬಹಳ ಸಲ ಚಕ್ ನೈಸ್. ಮೊದಮೊದಲು ಕಾರ್ಯಕ್ರಮಕ್ಕೆ ಸ್ವಲ್ಪ ಕಳೆ ಬರಲಿ ಅಂತ ಕೂರಿಸಿರಬೇಕು ಅನ್ನಿಸುತ್ತದೆ. ನೋಡುತ್ತಾ ಹೋದರೆ ಅವನ ನಿಜವಾದ ಕೆಲಸ ತಿಳಿಯುತ್ತದೆ. ವಿಜ್ಞಾನಿ ಒಂದು ಪದ ಬಳಸಿ ಮುಂದೆ ಹೋಗುವಷ್ಟರಲ್ಲಿ ಅವನು ತಡೆದು, ಹಾಗಂದರೆ ಏನು ಅಂತ ಕೇಳುತ್ತಾನೆ. ಅರ್ಥವಾಗದಿದ್ದರೆ ಮತ್ತೆ ಕೇಳುತ್ತಾನೆ. ಅಷ್ಟು ದೊಡ್ಡ ವಿದ್ವಾಂಸರ ಎದುರು ಅವನಿಗೆ ಸಂಕೋಚವೇ ಇಲ್ಲ. ನಮ್ಮ ತರಗತಿಗಳಲ್ಲಿ ಖಾಲಿ ಬಿದ್ದಿರುವುದು ಈ ಕುರ್ಚಿಯೇ. ಹುಡುಗರು ಗೊತ್ತಾಯಿತು ಅಂತ ತಲೆ ಆಡಿಸುತ್ತಾರೆ, ಹುಡುಗಿಯರು ನೋಟ್ಸ್ ಬರೆದುಕೊಳ್ಳುತ್ತಾರೆ, ಯಾರೂ ಬಾಯಿ ಬಿಡುವುದಿಲ್ಲ. ಚಿಕ್ಕ ತುಣುಕೊಂದನ್ನು ಸ್ಮಾರ್ಟ್ ಕ್ಲಾಸಿನ ಪರದೆ ಮೇಲೆ ಹಾಕಿ, ಅವನು ಕೇಳಿದ ಕಡೆಯೆಲ್ಲ ನಿಲ್ಲಿಸಿ, ‘ನೀವಾಗಿದ್ದರೆ ಏನು ಕೇಳುತ್ತಿದ್ದಿರಿ?’ ಅಂತ ಕೇಳಲು ಶುರುಮಾಡಿದ ಮೇಲೆ ನಮ್ಮಲ್ಲೂ ಮಾತು ಬಂತು.

ಒಂದು ಸಲ ನಕ್ಷತ್ರಗಳ ಸಾವಿನ ವಿಷಯ ನಡೆದಿತ್ತು. ದೊಡ್ಡ ನಕ್ಷತ್ರದ ಒಡಲಲ್ಲಿ ಹೈಡ್ರೋಜನ್ ಬೆಸೆದು ಹೀಲಿಯಂ, ಹೀಲಿಯಂನಿಂದ ಕಾರ್ಬನ್, ಹೀಗೆ ಭಾರದ ಧಾತುಗಳು ಆಗುತ್ತಾ ಹೋಗುತ್ತವೆ. ಪ್ರತಿ ಹಂತದಲ್ಲೂ ಶಕ್ತಿ ಹೊರಬಂದು ನಕ್ಷತ್ರವನ್ನು ಕುಸಿಯದಂತೆ ಹಿಡಿದಿರುತ್ತದೆ. ಕಬ್ಬಿಣಕ್ಕೆ ಬಂದರೆ ಮುಗಿಯಿತು, ಅದನ್ನು ಬೆಸೆದರೆ ಶಕ್ತಿ ಸಿಗುವುದಿಲ್ಲ, ಖರ್ಚಾಗುತ್ತದೆ. ಒಳಗಿನ ಆಸರೆ ತಪ್ಪಿ ನಕ್ಷತ್ರದ ತಿರುಳು ಕುಸಿದು ಸೂಪರ್‌ನೋವಾ ಸಿಡಿಯುತ್ತದೆ. ಸಂಡೂರು ಕಡೆಯ ಹುಡುಗನೊಬ್ಬ ಎದ್ದು ನಿಂತ: “ಸರ್, ಹಂಗಾದ್ರೆ ನಮ್ ಗುಡ್ಡದಾಗಿರೋ ಕಬ್ಣಾನೂ ನಕ್ಷತ್ರದಾಗಿಂದೇ ಬಂದಿದ್ದಾ?” ಅವರಪ್ಪ ಅದಿರು ಲಾರಿ ಓಡಿಸುತ್ತಾರೆ. ಮನೆ ಮಾಡು, ಗಿಡದ ಎಲೆ, ಯೂನಿಫಾರ್ಮ್ ಎಲ್ಲದರ ಮೇಲೂ ಕೆಂಪು ಧೂಳು ಕೂತ ಊರು ಅವನದು.

ನ್ಯೂಯಾರ್ಕಿನ ಕಾರ್ಯಕ್ರಮ ಈ ಪ್ರಶ್ನೆಗೆ ಉತ್ತರ ಕೊಡುವುದಿಲ್ಲ, ಅದು ನಮ್ಮ ಪಾಲಿನ ಕೆಲಸ. ಭೂಮಿ ಸುಮಾರು 450 ಕೋಟಿ ವರ್ಷದ ಹಿಂದೆ ರೂಪುಗೊಂಡಾಗಲೇ, ಅದಕ್ಕೂ ಮೊದಲು ಸಿಡಿದ ನಕ್ಷತ್ರಗಳ ಕಬ್ಬಿಣ ಅದರಲ್ಲಿ ಸೇರಿತ್ತು. ಸಂಡೂರಿನ ಪಟ್ಟೆಪಟ್ಟೆ ಅದಿರು ಶಿಲೆ ಆದದ್ದು ಅದಕ್ಕಿಂತ ಎಷ್ಟೋ ತಡವಾಗಿ, ಸುಮಾರು 270 ಕೋಟಿ ವರ್ಷದ ಹಿಂದೆ. ಆಗಿನ ಸಮುದ್ರದ ನೀರಿನಲ್ಲಿ ಕರಗಿದ್ದ ಕಬ್ಬಿಣ ಪದರಪದರವಾಗಿ ತಳಕ್ಕೆ ಕೂತು ಗಟ್ಟಿಯಾಯಿತು. ಮರುದಿನ ಆ ಹುಡುಗ ಅಂಗೈ ಅಗಲದ ಅದಿರಿನ ಕಲ್ಲು ತಂದ. ಕಪ್ಪು ಗೆರೆ, ಕೆಂಪು ಗೆರೆ ಒಂದರ ಮೇಲೊಂದು. ಮಕ್ಕಳು ಅದನ್ನು ಉಗುರಿನಿಂದ ಗೀರಿ ನೋಡಿದರು, ತೂಗಿ ನೋಡಿದರು, ಆಯಸ್ಕಾಂತ ಹಿಡಿದು ನೋಡಿದರು. ಈ ಕಾರ್ಯಕ್ರಮದ ಮೇಲೆ ನನಗೆ ಪ್ರೀತಿ ಹುಟ್ಟಲು ಆ ಒಂದು ಪೀರಿಯಡ್ ಸಾಕು.

ಆದರೆ ಇದರ ಆಕಾಶ ನಮ್ಮ ಆಕಾಶವಲ್ಲ, ಶಿಕ್ಷಕರು ಇದನ್ನು ಗಮನದಲ್ಲಿ ಇಟ್ಟುಕೊಳ್ಳಬೇಕು. ನ್ಯೂಯಾರ್ಕ್ ಸುಮಾರು 41 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ, ಬಳ್ಳಾರಿ 15ರಲ್ಲಿ. ಅಲ್ಲಿ ಜೂನ್ ತಿಂಗಳಲ್ಲೂ ಸೂರ್ಯ 73 ಡಿಗ್ರಿಗಿಂತ ಮೇಲೇರುವುದಿಲ್ಲ. ನಮ್ಮಲ್ಲಿ ವರ್ಷಕ್ಕೆ ಎರಡು ಸಲ, ಮೇ ಶುರುವಿನಲ್ಲಿ ಮತ್ತು ಆಗಸ್ಟ್ ಎರಡನೇ ವಾರದ ಆಸುಪಾಸಿನಲ್ಲಿ, ನೆತ್ತಿಗೇ ಬಂದು ನಿಲ್ಲುತ್ತಾನೆ. ಮೇನಲ್ಲಿ ಶಾಲೆಗೆ ರಜೆ. ಆಗಸ್ಟ್‌ನಲ್ಲಿ ಮೋಡ ಬಿಟ್ಟುಕೊಟ್ಟರೆ ಅಂಗಳದಲ್ಲಿ ಒಂದು ಕೋಲು ನೆಟ್ಟಗೆ ನಿಲ್ಲಿಸಿ ನೋಡಿ. ನಮ್ಮ ಗಡಿಯಾರ 82.5 ಡಿಗ್ರಿ ರೇಖಾಂಶದ ಲೆಕ್ಕದ್ದು, ಬಳ್ಳಾರಿ ಇರುವುದು ಅದಕ್ಕಿಂತ ಪಶ್ಚಿಮಕ್ಕೆ. ಹಾಗಾಗಿ ನೆರಳು ಮಾಯವಾಗುವುದು ಹನ್ನೆರಡಕ್ಕಲ್ಲ, ಹನ್ನೆರಡೂವರೆಗೆ ಎರಡು ಮೂರು ನಿಮಿಷ ಇದ್ದಾಗ. “ಸರ್, ನೆಳ್ಳೇ ಇಲ್ಲಲ್ರೀ!” ಅಂತ ಮಕ್ಕಳು ಕೂಗಿದ್ದನ್ನು ಕೇಳಿ ಹೆಡ್‌ಮಾಸ್ತರರೂ ಹೊರಗೆ ಬಂದು ಬಿಸಿಲಲ್ಲಿ ನಿಂತಿದ್ದರು. ರಾತ್ರಿ ಆಕಾಶವೂ ಹೀಗೆಯೇ ಬೇರೆ. ಧ್ರುವ ನಕ್ಷತ್ರ ಅವರಿಗೆ ಎತ್ತರದಲ್ಲಿ, ನಮಗೆ ದಿಗಂತದ ಹತ್ತಿರ. ಬೇಸಿಗೆ ಸಂಜೆ ನಮಗೆ ದಕ್ಷಿಣದಲ್ಲಿ ಕಾಣುವ ತ್ರಿಶಂಕು ನಕ್ಷತ್ರಪುಂಜ ಅವರಿಗೆ ಕಾಣುವುದೇ ಇಲ್ಲ. ಅಲ್ಲಿನ ಮಾತನ್ನು ಹಾಗೆಹಾಗೇ ಮಕ್ಕಳಿಗೆ ದಾಟಿಸಿದರೆ ಅವರು ಅಂಗಳಕ್ಕೆ ಬಂದು ನೋಡಿದಾಗ ತಾಳೆಯಾಗುವುದಿಲ್ಲ.

ಉಳಿದ ತೊಡಕುಗಳು ಚಿಕ್ಕವು. ಇಂಗ್ಲಿಷ್ ವೇಗವಾಗಿರುತ್ತದೆ. ಫ್ಯಾರನ್‌ಹೀಟ್, ಮೈಲಿ ಲೆಕ್ಕ ಬಂದಾಗ ಬೋರ್ಡಿನ ಮೇಲೆ ಬದಲಾಯಿಸಿ ಬರೆಯಬೇಕು. ಅವರ ಫುಟ್‌ಬಾಲ್, ಸೂಪರ್‌ಹೀರೋ ಸಿನಿಮಾಗಳ ಉದಾಹರಣೆಗಳು ನಮ್ಮ ಮಕ್ಕಳನ್ನು ಮುಟ್ಟುವುದಿಲ್ಲ. ಟೈಸನ್ ಉತ್ಸಾಹದಲ್ಲಿ ಅತಿಥಿಯ ಮಾತಿಗೆ ಅಡ್ಡ ಬರುವುದುಂಟು. ಆ ವಿಷಯದಲ್ಲೇ ಜೀವಮಾನ ಕಳೆದವರು ಎದುರಿಗೆ ಕೂತಿರುವಾಗ ಅವರ ಮಾತು ಪೂರ್ತಿ ಕೇಳಬೇಕು ಅನ್ನಿಸುತ್ತದೆ.

ನಮ್ಮ ದೇಶದಲ್ಲಿ ಇಂಥದ್ದು ಆಗಿಯೇ ಇಲ್ಲ ಅನ್ನುವಂತಿಲ್ಲ. 1990ರ ದಶಕದ ದೂರದರ್ಶನದಲ್ಲಿ ‘ಟರ್ನಿಂಗ್ ಪಾಯಿಂಟ್’ ಬರುತ್ತಿತ್ತು. ನಮ್ಮ ಗಿರೀಶ ಕಾರ್ನಾಡರು ನಿರೂಪಕರು. ದೇಶದ ಮೂಲೆಮೂಲೆಯಿಂದ ಬಂದ ಪ್ರಶ್ನೆಗಳಿಗೆ ಭೌತವಿಜ್ಞಾನಿ ಯಶ್ ಪಾಲ್ ಉತ್ತರ ಕೊಡುತ್ತಿದ್ದರು. ಕೇಳಿದವರು ಚಿಕ್ಕ ಮಗುವಾದರೂ ಅವರು ಅಷ್ಟೇ ಗಂಭೀರವಾಗಿ ಯೋಚಿಸಿ ಹೇಳುತ್ತಿದ್ದರು. ಸ್ಟಾರ್‌ಟಾಕ್‌ನಲ್ಲೂ ಪ್ರೇಕ್ಷಕರ ಪ್ರಶ್ನೆಗಳಿಗೇ ಮೀಸಲಾದ ‘ಕಾಸ್ಮಿಕ್ ಕ್ವೆರೀಸ್’ ಇದೆ. ಆದರೆ ಅದಕ್ಕೆ ಪ್ರಶ್ನೆ ಕಳಿಸಲು ದುಡ್ಡು ಕೊಟ್ಟು ಪೋಷಕರಾಗಬೇಕು. ಯಶ್ ಪಾಲರಿಗೆ ಒಂದು ಕಾಗದ ಬರೆದರೆ ಆಗುತ್ತಿತ್ತು. ಸಂಡೂರಿನ ಹುಡುಗನ ಪ್ರಶ್ನೆಯನ್ನು ಕನ್ನಡದಲ್ಲೇ ಕೇಳಿ, ಕನ್ನಡದಲ್ಲೇ ಚರ್ಚಿಸುವ ಇಂಥ ಒಂದು ಟಾಕ್ ಶೋ ನಮಗೆ ಬೇಕೇ ಬೇಕು. ವಿಷಯ ತಿಳಿದ ವಿಜ್ಞಾನಿಗಳು ನಮ್ಮಲ್ಲಿದ್ದಾರೆ, ಚುರುಕಾಗಿ ಮಾತಾಡಬಲ್ಲ ರಂಗಭೂಮಿಯವರು ಬಳ್ಳಾರಿಯಲ್ಲೇ ಎಷ್ಟೋ ಮಂದಿ ಇದ್ದಾರೆ.

ಹೊಸದಾಗಿ ನೋಡುವವರು ‘ಥಿಂಗ್ಸ್ ಯು ಥಾಟ್ ಯು ನ್ಯೂ’ ಸರಣಿಯಿಂದ ಶುರುಮಾಡಿ. ನಮಗೆ ಗೊತ್ತಿದೆ ಅಂದುಕೊಂಡ ದಿನನಿತ್ಯದ ವಿಷಯಗಳನ್ನೇ ಎತ್ತಿಕೊಂಡು ಬಿಡಿಸಿ ಹೇಳುತ್ತಾರೆ, ಭಾಷೆಯೂ ಸರಳ. ಒಂಬತ್ತು, ಹತ್ತನೇ ತರಗತಿಯವರಿಗೆ ತೋರಿಸುವುದಾದರೆ ಪೂರ್ತಿ ಕಂತು ಬೇಡ. ಮೊದಲು ನೀವು ನೋಡಿ ಐದಾರು ನಿಮಿಷದ ಭಾಗ ಆರಿಸಿ, ಆ ಭಾಗದಲ್ಲಿ ಪಕ್ಕದ ಕುರ್ಚಿಯವನ ಪ್ರಶ್ನೆ ಒಂದಾದರೂ ಇರಲಿ.