ಪವರ್ ವೀಡರ್: ಮೂರು ಮುಂಗಾರಿ ಓಡ್ಸಿದ ಮ್ಯಾಲ

ಈ ಕಸ ತೆಗ್ಯೋ ಮಷಿನ್‌ಗೆ ಐದಕ್ಕ ಮೂರೂವರಿ ಸ್ಟಾರ್ ಕೊಡ್ತೀನ್ರಿ, ಯಾಕಂತ ಹೇಳ್ತೀನಿ. ಹಾವೇರಿ ತಾಲೂಕಿನ್ಯಾಗ ನಮ್ದು ಐದ ಎಕರೆ, ಮೂರ ಎಕರೆ ಎರಿ (ಕರಿ ಮಣ್ಣು) ಎರಡ ಎಕರೆ ಮಸಾರಿ (ಕೆಂಪ ಮಣ್ಣು), ಮೊದ್ಲೆಲ್ಲಾ ವರ್ಷಾ ವರ್ಷಾ ಬರೇ ಗೋವಿನಜೋಳನ. ಮಷಿನ್ 7 ಎಚ್‌ಪಿ ಪೆಟ್ರೋಲಿಂದು, ಕಂಪನಿ ಹೆಸರು ಬ್ಯಾಡ ಬಿಡ್ರಿ.

ತಗೊಂಡಿದ್ದು ಶೋಕಿಗಲ್ಲ, ಕಸದ ಎಣ್ಣಿ (ಕಳೆನಾಶಕ) ಕೈ ಕೊಟ್ಟಿತ್ತು. ಎಂಟ ವರ್ಷ ಒಂದ ಪಾಠ, ಬಿತ್ತಿದ ಮೂರ ದಿನದೊಳಗ ಎಕರೆಕ್ಕ ಅರ್ಧ ಕೆಜಿ ಅಟ್ರಾಜಿನ್, ಮುಗೀತು. ಮೊದ್ಲ ಮೊದ್ಲ ಹೊಲ ಸಾರ್ಸಿದ ಅಂಗಳ ಇದ್ದಂಗ ಇರ್ತಿತ್ತು. ಆಮ್ಯಾಲ ಒಂದ ಮೂಲ್ಯಾಗ ಕಾಡ ರಾಜಗಿರಿ ಉಳಿಯಾಕ ಹತ್ತು, ಮರ ವರ್ಷ ಅಲ್ಲೇ ಗುಂಪ ದೊಡ್ಡದಾತು, ಅದರಾಚಿ ವರ್ಷ ಟ್ರ್ಯಾಕ್ಟರ್ ಓಡ್ಯಾಡಿದ ಕಡೆ ಎಲ್ಲಾ ಅದ. ಅಂಗಡ್ಯಾಂವ ಡೋಸ್ ಏರ್ಸ್ರಿ ಅಂದ, ಏರ್ಸಿದ್ವಿ, ರೊಕ್ಕ ಹೋತು ಕಸ ಹೋಗ್ಲಿಲ್ಲ.

ಧಾರವಾಡ ಕೃಷಿ ಮೇಳದಾಗ ಒಬ್ರು ಸರ್‌ಗೆ ಕೇಳ್ದೆ. ಅವ್ರು ತಿರುಗಿ ನನಗ ಕೇಳಿದ್ರು, ಉಳಿದ ರಾಜಗಿರಿ ಮಗ್ಗಲಾ ಬ್ಯಾರೆ ಕಸ ಸತ್ತಿತ್ತೇನು, ಹೊಡ್ಯೋವಾಗ ಮಣ್ಣಾಗ ಹಸಿ ಇತ್ತೇನು? ಎರಡೂ ಹೌದ್ರಿ ಅಂದೆ. ಹಂಗಾರ ಈ ಕಸ ಎಣ್ಣಿಗೆ ಬಗ್ಗದಂಗ ಆಗಿರೋ ಅನುಮಾನ ಐತಿ ಅಂದ್ರು. ಎಣ್ಣಿ ಹೊಡದ್ರ ಗಿಡ ಗಟ್ಟಿ ಆಗ್ತೈತಿ ಅಂತಲ್ಲ, ಹುಟ್ಟತಾನ ತಡಕೊಳ್ಳೋವು ಎಲ್ಲೋ ನಾಕು ಇರ್ತಾವು, ಉಳಿದಾವನ್ನ ನಾವ ಕೊಂದು ಇವಕ್ಕ ಹೊಲಾ ಖಾಲಿ ಮಾಡಿ ಕೊಡ್ತೀವಿ, ಅವು ಬೀಜ ಉದುರ್ಸಿ ಮನಿ ಮಾಡ್ಕೊಂತಾವು. ಪಂಜಾಬ್ ಹರಿಯಾಣದಾಗ 1990ರ ದಶಕದಾಗ ಗೋಧಿ ಹೊಲದ ಗುಲ್ಲಿ ದಂಡಾ ಅನ್ನೋ ಕಸ ಹಿಂಗ ಐಸೊಪ್ರೊಟ್ಯುರಾನ್ ಅನ್ನೋ ಎಣ್ಣಿಗೆ ಬಗ್ಗದಂಗ ಆತಂತ. ಜೇಕು ಅನ್ನೋ ಗಡ್ಡಿ ಕಸದ ಸುದ್ದಿ ಬ್ಯಾರೆ, ಅದು ಅಟ್ರಾಜಿನ್‌ಗೆ ಮೊದ್ಲಿಂದನ ಬಗ್ಗಂಗಿಲ್ಲ. ನಂದು ಲ್ಯಾಬ್ ಟೆಸ್ಟ್ ಏನ ಆಗಿಲ್ಲ ಮತ್ತ, ಹೊಲ ನೋಡಿ ಹೇಳಾಕತ್ತೀನಿ.

ಈಗ ಮಷಿನ್. ಬಿತ್ತಿ 18-20 ದಿನಕ್ಕ ಒಮ್ಮೆ, 30-35ಕ್ಕ ಇನ್ನೊಮ್ಮೆ. ಸಾಲು ಎರಡ ಅಡಿ ಇಟ್ಟು ಬ್ಲೇಡ್ ಒಂದೂವರಿ ಅಡಿಗೆ ಮಾಡ್ಕೊಂಡ್ರ ಸರಾಗ ಹೋಗ್ತೈತಿ. 35 ದಿನದಾಚಿ ಹೊಕ್ಕರ ಜ್ವಾಳದ ಬೇರ ಹರಿತಾವು, ನಾ ಒಮ್ಮೆ ಹೊಕ್ಕು ಎರಡ ಸಾಲು ಬಾಡ್ಸೀನಿ. ರಾಜಗಿರಿ ಸಣ್ಣದಿದ್ದಾಗ ಬುಡ ಸಮೇತ ಮಗಚಿ ಬೀಳ್ತೈತಿ, ಇದಕ್ಕ ಎಣ್ಣಿ ತಡಕೊಳ್ಳೋದು ಗಿಣ್ಣಿ ತಡಕೊಳ್ಳೋದು ಏನೂ ನಡಿಯಂಗಿಲ್ಲ! ಗಿಡದ ಸಂದ್ಯಾಗಿಂದು ಮಾತ್ರ ಕುರ್ಪಿನ ಗತಿ, ಅವ್ವ ಮತ್ತ ಮೂರ ಆಳು. ಮೊದ್ಲ ಎಕರೆಕ್ಕ ಹನ್ನೆರಡ ಆಳು ಬೇಕಿತ್ತು, ಅದೂ ಸಿಕ್ರ.

ಎರಿ ಹೊಲದಾಗ ಇದರ ಬಂಡವಾಳ ಬಯಲಾಗ್ತೈತಿ. ಹಸಿ ಇದ್ರ ಬ್ಲೇಡಿಗೆ ಮಣ್ಣ ಮೆತ್ಕೊಂಡು ರೊಟ್ಟಿ ಹಿಟ್ಟು ನಾದಿದಂಗ ಆಗ್ತೈತಿ, ಒಣಗಿದ್ರ ಕುಣಿದು ಕುಣಿದು ಕೈ ಜೋಮು. ಹದ ಸಿಗೋದು ಎರಡ ಮೂರ ದಿನ ಅಷ್ಟ, ಹೋದ ವರ್ಷ ಆರಿದ್ರಾ ಮಳಿ ಹಿಡಕೊಂಡು ಆ ದಿನಾನೂ ಸಿಗ್ಲಿಲ್ಲ. ಮಸಾರ್ಯಾಗ ಏನ ತಕರಾರಿಲ್ಲ. ಜೇಕು, ಕರಿಕಿ ಇದ್ದಲ್ಲಿ ಮಾತ್ರ ಹೊಡಿಬ್ಯಾಡ್ರಿ, ತುಂಡ ತುಂಡ ಮಾಡಿ ಹೊಲಕ್ಕೆಲ್ಲಾ ಹಂಚ್ತೈತಿ, ಮೊದಲನೇ ವರ್ಷ ನಾನ ಹಂಚೀನಿ.

ಪೆಟ್ರೋಲ್ ತಾಸಿಗೆ ಒಂದ ಲೀಟರ್ ಸನೇಕ. ಬೆಲ್ಟ್ ಎರಡ ಸಲ ಹರೀತು, ಎರಡೂ ಸಲ ಭರಾಟಿ ಟೈಮ್‌ನ್ಯಾಗ, ಡೀಲರ್ ನಾಳೆ ಬರತೈತಿ ಅಂತ ಒಂಬತ್ತ ದಿನ ಓಡ್ಯಾಡ್ಸಿದ.

ಎಣ್ಣಿ ಪೂರ್ತಿ ಬಿಟ್ಟಿಲ್ಲ. ಅಟ್ರಾಜಿನ್ ವರ್ಷ ಬಿಟ್ಟ ವರ್ಷ, ನಡುವಿನ ವರ್ಷ ಕಸ ಎರಡ ಮೂರ ಎಲಿ ಇದ್ದಾಗ ಟೆಂಬೋಟ್ರಿಯಾನ್ ಅನ್ನೋ ಬ್ಯಾರೆ ಎಣ್ಣಿ, ಅದು ಬಿದ್ದ ಕಸ ಬೆಳ್ಳಗಾಗಿ ಸಾಯ್ತೈತಿ. ಬಾಟ್ಲಿ ಮ್ಯಾಲಿನ ಹೆಸರು ಬದಲಿದ್ರ ಸಾಲದ್ರಿ, ಸಣ್ಣ ಅಕ್ಷರದಾಗ ಒಳಗಿನ ಔಷಧ ಯಾವ್ದಂತ ಓದ್ರಿ, ಎರಡ ಕಂಪನಿ ಡಬ್ಬಿ ತಂದು ಎರಡರಾಗೂ ಅಟ್ರಾಜಿನ್ ಇದ್ದದ್ದು ನನಗ ಮನಿಗೆ ಬಂದ ಮ್ಯಾಲ ಗೊತ್ತಾತು. ಮಸಾರ್ಯಾಗ ಈಗ ಶೇಂಗಾ ತಿರುವಿ ಹಾಕೀವಿ. ಉಳಿದ ರಾಜಗಿರಿ ತೆನಿ ಬಿಡೋಕಿಂತ ಮೊದ್ಲ ಕಿತ್ತು ಹೊರಗ ಹಾಕೋದು ಅಪ್ಪನ ಕೆಲಸ, ಮೂಲ್ಯಾಗಿನ ಗುಂಪು ಈ ಸಲ ಕಾಲ ಭಾಗಕ್ಕ ಬಂದೈತಿ.

ಒಂದೆರಡ ಎಕರೆದವ್ರು ಇದಕ್ಕ ರೊಕ್ಕ ಹಾಕಬ್ಯಾಡ್ರಿ, ಕೈಲೆ ದೂಡೋ ಸೈಕಲ್ ಕುಂಟಿ ಸಾಕು. ತಗೊಳ್ಳೋರು ಮಷಿನ್ ಜೋಡಿನ ಎರಡ ಬೆಲ್ಟ್ ಕೇಳಿ ಇಸ್ಕೊರ್ರಿ.