ಬಳ್ಳಾರಿಯಲ್ಲಿ ಆದಿಕ್ರೈಸ್ತ ಇತಿಹಾಸದ ಸಂಜೆ ತರಗತಿ: ಒಂದು ವಿಮರ್ಶೆ

ಬಳ್ಳಾರಿಯ ಕಂಟೋನ್ಮೆಂಟ್ ಭಾಗದ ಸಭಾಭವನವೊಂದರಲ್ಲಿ ಭಾನುವಾರ ಸಂಜೆ ನಡೆಯುವ ಈ ತರಗತಿಯು ಯೇಸುವನ್ನೂ ಅವನ ಸುವಾರ್ತೆ ಸಾರಿದ ಪೌಲನನ್ನೂ ಅವರ ಕಾಲದ ಯೆಹೂದಿ ಸಮಾಜದೊಳಗೇ ಇಟ್ಟು ಓದಿಸುತ್ತದೆ. 1810ರಲ್ಲಿ ಮಿಷನರಿ ಜಾನ್ ಹ್ಯಾಂಡ್ಸ್ ಬಂದು ನೆಲೆಸಿ, ಬೈಬಲನ್ನು ಕನ್ನಡಕ್ಕೆ ತರಲು ದುಡಿದ ಊರಿನಲ್ಲಿ ಇಂಥ ಪಾಠ ಎಂದೋ ಆರಂಭವಾಗಬೇಕಿತ್ತು.

ವಿಚ್ಛೇದನದ ಚರ್ಚೆಗೆ ಮೀಸಲಿಟ್ಟ ಪಾಠ ಎಲ್ಲಕ್ಕಿಂತ ಗಟ್ಟಿಯಾಗಿದೆ. ಹೆಂಡತಿಯನ್ನು ಯಾವ ಕಾರಣಕ್ಕಾದರೂ ಬಿಡಬಹುದೇ ಎಂದು ಧರ್ಮಶಾಸ್ತ್ರದ ಪಾಲನೆಗೆ ಒತ್ತುಕೊಟ್ಟ ಯೆಹೂದಿ ಪಂಥದವರಾದ ಫರಿಸಾಯರು ಯೇಸುವನ್ನು ಕೇಳುವ ಪ್ರಸಂಗ ಮತ್ತಾಯನ ಸುವಾರ್ತೆಯ 19ನೆಯ ಅಧ್ಯಾಯದಲ್ಲಿದೆ. ಅಡುಗೆ ಕೆಟ್ಟರೂ ಬಿಡಬಹುದೆಂದು ಯೆಹೂದಿ ಗುರು ಹಿಲ್ಲೇಲನ ಪಂಥ, ಅನೈತಿಕತೆ ಕಂಡರೆ ಮಾತ್ರವೆಂದು ಇನ್ನೊಬ್ಬ ಗುರು ಶಮ್ಮಾಯಿಯ ಪಂಥ ಹಳೆಯ ಒಡಂಬಡಿಕೆಯ ಧರ್ಮೋಪದೇಶಕಾಂಡದ ಒಂದೇ ವಾಕ್ಯವನ್ನು ಹಿಡಿದು ವಾದಿಸಿದ್ದನ್ನು ಯೆಹೂದಿ ಗುರುಗಳ ಬೋಧನೆಗಳ ಸಂಗ್ರಹವಾದ ಮಿಷ್ನಾ ದಾಖಲಿಸಿದೆ. ಮತ್ತಾಯನ ಯೇಸು ಶಮ್ಮಾಯಿಗೆ ಹತ್ತಿರದ ನಿಲುವು ತಳೆದು, ಆದಿಕಾಂಡವನ್ನು ಆಧಾರವಾಗಿ ಮುಂದಿಡುತ್ತಾನೆ. ವ್ಯಾಸತೀರ್ಥರು ಹಂಪಿಯಲ್ಲಿ ಅದ್ವೈತಿಗಳೊಡನೆ ಅದೇ ಉಪನಿಷತ್ತುಗಳ ಬಲದಿಂದ ವಾದಿಸಿದ್ದನ್ನು ಬಲ್ಲ ನಮ್ಮ ಸೀಮೆಯವರಿಗೆ, ಇದು ಒಂದೇ ಮನೆಯೊಳಗಿನ ವಾದವೆಂದು ತಿಳಿಯುವುದು ಕಷ್ಟವಲ್ಲ. ಫರಿಸಾಯರೆಂದರೆ ಕಪಟಿಗಳೆಂದಷ್ಟೇ ಕೇಳಿ ಬೆಳೆದವರಿಗಂತೂ ಈ ಪಾಠ ಅತ್ಯಗತ್ಯ. ಮಾರ್ಕನ ಸುವಾರ್ತೆಯಲ್ಲಿ ಯೆಹೂದಿ ಶಾಸ್ತ್ರಿಯೊಬ್ಬನು, ಎಲ್ಲಕ್ಕಿಂತ ಮುಖ್ಯ ಆಜ್ಞೆ ಯಾವುದೆಂಬ ತನ್ನ ಪ್ರಶ್ನೆಗೆ ಯೇಸು ಕೊಟ್ಟ ಉತ್ತರವನ್ನು ಮನಸಾರೆ ಒಪ್ಪುತ್ತಾನೆ. ಅಪೊಸ್ತಲರ ಕೃತ್ಯಗಳಲ್ಲಿ ಪೌಲನು ತಾನು ಫರಿಸಾಯನೆಂದೇ ಹೇಳಿಕೊಂಡು, ಸತ್ತವರ ಪುನರುತ್ಥಾನವನ್ನು ಒಪ್ಪದ ಇನ್ನೊಂದು ಯೆಹೂದಿ ಪಂಥವಾದ ಸದ್ದುಕಾಯರ ವಿರುದ್ಧ ನಿಲ್ಲುತ್ತಾನೆ. ಬೋಧಕರು ಈ ಭಾಗಗಳನ್ನು ಅವಸರವಿಲ್ಲದೆ, ಸಭಿಕರಿಂದಲೇ ಓದಿಸಿ ವಿವರಿಸುತ್ತಾರೆ.

ಯೆಹೂದಿ ಮತ್ತು ಕ್ರೈಸ್ತ ಧರ್ಮಗಳು ಬೇರ್ಪಟ್ಟ ಕಥೆಯಲ್ಲಿ ಮಾತ್ರ ತರಗತಿ ಸೋಲುತ್ತದೆ. ಕ್ರಿ.ಶ. 70ರಲ್ಲಿ ರೋಮನ್ನರು ಯೆರೂಸಲೇಮಿನ ದೇವಾಲಯವನ್ನು ನಾಶಮಾಡಿದೊಡನೆ ಸಂಬಂಧ ಕಡಿದುಹೋಯಿತೆಂಬಂತೆ ಪಾಠ ಮುಗಿಯುತ್ತದೆ. ಆದರೆ 386ರಲ್ಲಿಯೂ ಪ್ರಾಚೀನ ಸಿರಿಯಾದ ಅಂತಿಯೋಕ್ಯ ನಗರದ ಕ್ರೈಸ್ತರು ಯೆಹೂದ್ಯರ ಹಬ್ಬಗಳಿಗೆ ಸಭಾಮಂದಿರಗಳಿಗೆ ಹೋಗುತ್ತಿದ್ದರು, ಅದನ್ನು ತಡೆಯಲು ಅಲ್ಲಿನ ಪಾದ್ರಿ ಜಾನ್ ಕ್ರಿಸೊಸ್ಟಮ್ ಕಟುವಾದ ಪ್ರವಚನಗಳನ್ನೇ ಮಾಡಬೇಕಾಯಿತು. ಆ ಕಟುತನ ಮುಂದಿನ ಶತಮಾನಗಳಲ್ಲಿ ಯೆಹೂದ್ಯರ ಮೇಲಿನ ದ್ವೇಷಕ್ಕೆ ಬಳಕೆಯಾಯಿತು. ಇದನ್ನು ಬಿಟ್ಟು ಈ ವಿಷಯವನ್ನು ಕಲಿಸುವುದು ನನಗೆ ಸರಿಕಾಣುವುದಿಲ್ಲ.

ಮಿಷ್ನಾದ ಆಯ್ದ ಭಾಗಗಳನ್ನು ಇಂಗ್ಲಿಷಿನಲ್ಲಿ ಮಾತ್ರ ಹಂಚುವುದರಿಂದ ಸಿರುಗುಪ್ಪ, ಸಂಡೂರಿನ ಕಡೆಯಿಂದ ಬರುವ ಹಲವರು ಚರ್ಚೆಯಿಂದ ಹೊರಗುಳಿಯುತ್ತಾರೆ. ಕನ್ನಡದಲ್ಲಿ ಒಂದೆರಡು ಪುಟ ಸಿದ್ಧಪಡಿಸಿದರೆ ಸಾಕು. ಸೇರುವವರು ಹೊಸ ಒಡಂಬಡಿಕೆಯನ್ನಷ್ಟೇ ಅಲ್ಲ, ಹಳೆಯ ಒಡಂಬಡಿಕೆಯೂ ಇರುವ ಪೂರ್ಣ ಬೈಬಲನ್ನು ಕೊಂಡೊಯ್ಯಬೇಕು, ಏಕೆಂದರೆ ಪ್ರತಿ ಪಾಠವೂ ಅಲ್ಲಿಂದಲೇ ಆರಂಭವಾಗುತ್ತದೆ.