ಗೇಮಿಂಗ್ ಕೋಣೆಯ ಪಾವತಿ: ನಾಣ್ಯವೋ, ಟಿಕೆಟ್ಟೋ, ಕಾರ್ಡೋ?

ಹೋಟೆಲು ಅಥವಾ ಕ್ಲಬ್ಬಿನ ಗೇಮಿಂಗ್ ಯಂತ್ರಗಳಿಗೆ (ಹಣ ಹಾಕಿ ಆಡುವ ಜೂಜಿನ ಯಂತ್ರಗಳಿಗೆ) ಯಾವ ಪಾವತಿ ವ್ಯವಸ್ಥೆ ಹೊಂದುತ್ತದೆ ಎಂಬುದು ಯಂತ್ರಗಳ ಸಂಖ್ಯೆಯನ್ನೂ ಸಿಬ್ಬಂದಿಯನ್ನೂ ಅವಲಂಬಿಸಿದೆ. ಹೊಸದಾಗಿ ಜಾಲ ಜೋಡಿಸಬೇಕಿಲ್ಲದ ಕಾರಣ ನಾಣ್ಯಕ್ಕೆ ಆರಂಭಿಕ ಖರ್ಚು ಕಡಿಮೆ. ಆದರೆ ಗೆದ್ದವರಿಗೆ ಕೊಡಲು ಯಂತ್ರದೊಳಗಿರುವ ನಾಣ್ಯ ಬರಿದಾದಾಗಲೆಲ್ಲ ಆಟ ನಿಂತು, ಸಿಬ್ಬಂದಿಯೊಬ್ಬರು ಚೀಲ ಹೊತ್ತು ತಂದು, ಯಂತ್ರದ ಬಾಗಿಲು ತೆರೆದು ತುಂಬಿ, ಲೆಕ್ಕಕ್ಕೆ ಸಹಿ ಹಾಕಬೇಕಾಗುತ್ತದೆ. ಟಿಕೆಟ್ ಈ ಓಡಾಟವನ್ನು ತಪ್ಪಿಸುತ್ತದೆ: ನಾಣ್ಯದ ಬದಲು ಯಂತ್ರವೇ ಮುದ್ರಿಸಿಕೊಡುವ, ಬಾರ್‌ಕೋಡ್ ಇರುವ ಚೀಟಿಯನ್ನು ಕೌಂಟರಿನಲ್ಲಿ ನಗದಾಗಿಸಬಹುದು, ಇಲ್ಲವೇ ಪಕ್ಕದ ಯಂತ್ರಕ್ಕೆ ಹಾಕಬಹುದು. ಮುದ್ರಕದ ನಿರ್ವಹಣೆಯೊಂದು ಹೆಚ್ಚುವರಿ ತಲೆನೋವು, ಅಷ್ಟೆ.

ಆಟಗಾರರ ರಕ್ಷಣೆಯಲ್ಲಿ, ಹೆಸರಿಗೆ ನೋಂದಾಯಿಸಿದ ಕಾರ್ಡ್ ಮುಂದಿದೆ. ನಷ್ಟದ ಮಿತಿಯನ್ನೂ ಸ್ವಯಂನಿಷೇಧವನ್ನೂ (ತನ್ನನ್ನು ಆಡಲು ಬಿಡಬೇಡಿ ಎಂದು ಆಟಗಾರನೇ ಕೇಳಿಕೊಳ್ಳುವುದು) ಯಂತ್ರದಲ್ಲೇ ಜಾರಿಗೊಳಿಸಬಹುದು. ಆದರೂ ಕೈಯಲ್ಲಿ ನೋಟು ಕಾಣದಿದ್ದಾಗ ಖರ್ಚಿನ ಅರಿವು ಮಸುಕಾಗುವುದರಿಂದ, ಮಿತಿಯಿಲ್ಲದ ಕಾರ್ಡನ್ನು ನಾನು ಒಪ್ಪಲಾರೆ. ನಾಲ್ಕೈದು ಯಂತ್ರಗಳಿದ್ದರೆ ನಾಣ್ಯ ಸಾಕು. ಹತ್ತಾರು ಯಂತ್ರಗಳಿದ್ದು ರಾತ್ರಿಪಾಳಿಯಲ್ಲಿ ಸಿಬ್ಬಂದಿ ಕಡಿಮೆಯಿದ್ದರೆ ಟಿಕೆಟ್. ಗುರುತಿನ ನೋಂದಣಿ ಕಡ್ಡಾಯವಿರುವಲ್ಲಿ ಕಾರ್ಡ್.